ಪ್ರಿಂಟರ್‌ಗೆ ಹಾಕುವ ಬಟ್ಟೆ ಹಾಳೆ: ಒಗೆದ ಮೇಲೆ ಬಣ್ಣ ಉಳಿಯುತ್ತದಾ?

ಹಿಂಬದಿಗೆ ಕಾಗದ ಅಂಟಿಸಿ, ಎ4 ಅಳತೆಗೆ ಕತ್ತರಿಸಿ ಮಾರುವ ಹತ್ತಿ ಬಟ್ಟೆಯ ಹಾಳೆಗಳನ್ನು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮಾಮೂಲಿ ಇಂಕ್‌ಜೆಟ್ ಪ್ರಿಂಟರ್‌ಗೆ ಹಾಕಿ ಫೋಟೋ, ಚಿತ್ರ, ಹೆಸರು ಏನು ಬೇಕಾದರೂ ಮುದ್ರಿಸಬಹುದು. ದಿಂಬಿನ ಕವರ್, ಕೈಚೀಲ, ಹೊದಿಕೆಯ ಮೂಲೆಗೆ ಹೊಲಿಯುವ ಹೆಸರಿನ ಪಟ್ಟಿ, ಎಲ್ಲಕ್ಕೂ ಇದನ್ನೇ ಬಳಸಿದ್ದೇನೆ. ಪ್ರಿಂಟ್ ಚೆನ್ನಾಗಿಯೇ ಬರುತ್ತದೆ, ಅದರಲ್ಲಿ ದೂರಿಲ್ಲ. ಆದರೆ ಅದು ಎಷ್ಟು ಕಾಲ ಬಾಳುತ್ತದೆ ಅನ್ನೋದು ಮೊದಲ ಸಲ ನೀರಿಗೆ ಹಾಕಿದಾಗಲೇ ತೀರ್ಮಾನವಾಗುತ್ತದೆ.

ಮೊದಲು ನಿಮ್ಮ ಪ್ರಿಂಟರ್‌ನಲ್ಲಿ ಯಾವ ಇಂಕ್ ಇದೆ ನೋಡಿಕೊಳ್ಳಿ. ಡೈ ಇಂಕ್ ನೀರಿನಲ್ಲಿ ಕರಗುವಂಥದ್ದು, ಕಾಗದಕ್ಕೆಂದು ಮಾಡಿದ್ದು. ಹತ್ತಿ ನೂಲಿನ ಜೊತೆ ಅದು ಗಟ್ಟಿಯಾಗಿ ಬೆಸೆದುಕೊಳ್ಳುವುದಿಲ್ಲ. ಹಾಳೆಗೆ ಮೊದಲೇ ಹಚ್ಚಿರುವ ಲೇಪನ ಅದನ್ನು ತಕ್ಕಮಟ್ಟಿಗೆ ಹಿಡಿದಿಡುತ್ತದೆ, ಅಷ್ಟೆ. ಪಿಗ್ಮೆಂಟ್ ಇಂಕ್‌ನಲ್ಲಿ ಇರೋದು ಕರಗದ ಸಣ್ಣ ಸಣ್ಣ ಕಣಗಳು. ನೀರಿಗೂ ಬಿಸಿಲಿಗೂ ಅದು ಜಾಸ್ತಿ ತಡೆಯುತ್ತದೆ. ಎಷ್ಟೋ ಪ್ರಿಂಟರ್‌ಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಬಣ್ಣಗಳೆಲ್ಲ ಡೈ. ಒಗೆದಾಗ ಅಕ್ಷರ ಅಲ್ಲಾಡದೆ ನಿಂತು, ಪಕ್ಕದ ಹೂವಿನ ಬಣ್ಣ ಮಾತ್ರ ಹರಿದುಹೋಗೋದು ಇದೇ ಕಾರಣಕ್ಕೆ.

ಪ್ರಿಂಟ್ ಆದ ತಕ್ಷಣ ನೀರಿಗೆ ಹಾಕಬೇಡಿ. ಪೂರ್ತಿ ಒಣಗಲು ಬಿಡಿ. ನಾನಂತೂ ರಾತ್ರಿಯಿಡೀ ಬಿಡುತ್ತೇನೆ. ಆಮೇಲೆ ಕಾಗದವನ್ನು ನಿಧಾನಕ್ಕೆ ಸುಲಿದು, ಹಾಳೆಯ ಪ್ಯಾಕೆಟ್ ಮೇಲೆ ಹೇಳಿದ್ದರೆ ಇಸ್ತ್ರಿ ಮಾಡುತ್ತೇನೆ. ಆವಿ ಮಾತ್ರ ಬೇಡವೇ ಬೇಡ.

ಇನ್ನು ಜಾಲಾಡಿಸುವುದು. ಬಟ್ಟೆ ಮಡಚದೆ ಹಿಡಿಸುವಷ್ಟು ಅಗಲದ ಟ್ರೇ ಬೇಕು, ತಣ್ಣೀರು ಧಾರಾಳವಾಗಿ ಬೇಕು. ಎರಡು ಹನಿ ಸೌಮ್ಯ ಲಿಕ್ವಿಡ್ ಸೋಪು ಸಾಕು. ಬಟ್ಟೆಯನ್ನು ಚಿತ್ರ ಮೇಲೆ ಬರುವಂತೆ ಒಂದೇ ಸಲಕ್ಕೆ ಮುಳುಗಿಸಿ, ಎರಡು ಮೂಲೆ ಹಿಡಿದು ಆಡಿಸುತ್ತಲೇ ಇರಬೇಕು. ನೂಲಿಗೆ ಹಿಡಿಯದ ಹೆಚ್ಚುವರಿ ಇಂಕ್ ಹೊಗೆಯಂತೆ ಎದ್ದು ಬರುತ್ತದೆ. ಬರಲಿ, ಅದು ಹೋಗಲೇಬೇಕಾದ ಬಣ್ಣ. ನೀರು ನಿಂತರೆ ಅದೇ ಬಣ್ಣ ಮತ್ತೆ ಬಟ್ಟೆಯ ಬಿಳಿ ಜಾಗದಲ್ಲಿ ಕೂರುತ್ತದೆ. ಫೋಟೋದಲ್ಲಿ ಮುಖದ ಸುತ್ತ ಕೆಲವೊಮ್ಮೆ ಕಾಣುವ ಮಂಕು ಗುಲಾಬಿ ಛಾಯೆ ಹೀಗೆ ಬರೋದು. ಬಟ್ಟೆ ತನ್ನ ಮೇಲೆ ತಾನೇ ಮಡಚಿಕೊಂಡರೂ ಅಷ್ಟೇ, ಒಂದು ಕಡೆಯ ಬಣ್ಣ ಇನ್ನೊಂದು ಕಡೆ ಅಚ್ಚೊತ್ತುತ್ತದೆ. ನೀರು ಬಣ್ಣಕ್ಕೆ ತಿರುಗಿದ ಕೂಡಲೇ ಚೆಲ್ಲಿ ಬೇರೆ ತುಂಬಿ. ನೀರು ತಿಳಿ ಆಗುವ ತನಕ ಹೀಗೇ ಮಾಡಿ, ನಡುವೆ ಸುಮ್ನೆ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ.

ಹಿಂಡಬೇಡಿ. ಹಳೇ ಟವೆಲ್ ಮೇಲೆ ಹಾಸಿ, ಮೇಲೊಂದು ಬಿಳಿ ಬಟ್ಟೆ ಇಟ್ಟು ಒತ್ತಿ. ಅದಕ್ಕೆ ಬಣ್ಣ ಹತ್ತಿದರೆ ಇನ್ನೊಮ್ಮೆ ಜಾಲಾಡಿಸಬೇಕು. ನೇತುಹಾಕಿದರೆ ಒದ್ದೆ ಬಣ್ಣ ಕೆಳಕ್ಕೆ ಜಾರುತ್ತದೆ, ಹಾಗಾಗಿ ನೆರಳಲ್ಲಿ ಹಾಸಿಯೇ ಒಣಗಿಸಿ. ನೀರು ಬಿದ್ದಾಗ ಹತ್ತಿ ಸ್ವಲ್ಪ ಕುಗ್ಗುವುದರಿಂದ, ಅಳತೆಗೆ ಕತ್ತರಿಸೋದು ಇದೆಲ್ಲ ಮುಗಿದ ಮೇಲೇ.

ಉಪ್ಪು ಅಥವಾ ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಇಂಕ್‌ಜೆಟ್ ಇಂಕ್‌ಗೆ ಅದು ಕೆಲಸ ಮಾಡುವುದಿಲ್ಲ. ಬಟ್ಟೆಗೆ ಬಣ್ಣ ಹಾಕುವ ಬೇರೆ ಬಗೆಯ ಡೈಗಳ ಸಲಹೆಯನ್ನು ಇಲ್ಲಿಗೆ ತಂದರೆ ಹೇಗೆ ಆಗುತ್ತೆ, ಅಲ್ವಾ?

ವರ್ಷಗಳ ಬಳಕೆಯಲ್ಲಿ ಕಂಡದ್ದು ಇಷ್ಟು. ಪಿಗ್ಮೆಂಟ್ ಇಂಕ್‌ನ ದಿಂಬಿನ ಕವರ್ ಇವತ್ತಿಗೂ ನೋಡಲು ಚೆನ್ನಾಗಿದೆ. ಆದರೆ ಹೊಲಿಗೆಯ ಏಣು, ಮೂಲೆ, ಅಂದರೆ ಉಜ್ಜುವ ಕಡೆಯಲ್ಲೆಲ್ಲ ಬಿಳಿ ನೂಲು ಇಣುಕುತ್ತಿದೆ. ಕಣಗಳು ನೂಲಿನ ಮೇಲ್ಮೈಯಲ್ಲೇ ಇರೋದರಿಂದ ಇದು ಆಗೋದೇ. ಡೈ ಇಂಕ್‌ನ ಚಿತ್ರ ಕಿಟಕಿ ಬಳಿ ಇಟ್ಟಲ್ಲಿ ಬೇಗ ಮಾಸಿತು. ಹೆಸರಿನ ಪಟ್ಟಿಗಳು ಮಾತ್ರ, ಕಪ್ಪು ಅಕ್ಷರದವು, ಎಲ್ಲಕ್ಕಿಂತ ಗಟ್ಟಿ.

ನನ್ನ ದೊಡ್ಡ ಬೇಸರ ಅಂದರೆ ಪ್ಯಾಕೆಟ್ ಮೇಲಿನ ಸೂಚನೆ. ಪ್ರಿಂಟರ್ ಸೆಟ್ಟಿಂಗ್ ಬಗ್ಗೆ ಉದ್ದಕ್ಕೆ ಬರೆದು, ಜಾಲಾಡಿಸುವುದಕ್ಕೆ ಒಂದೇ ಸಾಲು. ದಿನಾ ಒಗೆಯುವ ಬಟ್ಟೆಗೆ ಈ ಹಾಳೆ ಕೊಳ್ಳಬೇಡಿ. ಅಪರೂಪಕ್ಕೆ, ಬ್ಲೀಚ್ ಇಲ್ಲದ ಸೋಪಿನಲ್ಲಿ, ಒಳಮೈ ಹೊರಗೆ ಮಾಡಿ ಕೈಯಲ್ಲೇ ಒಗೆಯುವ ವಸ್ತುವಾದರೆ ಧೈರ್ಯವಾಗಿ ತಗೊಳ್ಳಿ. ನಾನು ಈಗಲೂ ಇದನ್ನೇ ತರಿಸುತ್ತೇನೆ, ಪಿಗ್ಮೆಂಟ್ ಇಂಕ್‌ನ ಪ್ರಿಂಟರ್‌ನಲ್ಲಿ ಮಾತ್ರ ಬಳಸುತ್ತೇನೆ.