ಪ್ಯಾಟ್ಸಿ ಕ್ಲೈನ್‌ಳ ಹಳೆಯ 45 ರೆಕಾರ್ಡ್: ಮಲೆನಾಡಿನವರು ಕೊಳ್ಳುವ ಮುಂಚೆ
ಬಿಟ್ಟುಹೋದವನನ್ನು ಬರೀ ಸ್ನೇಹಿತನಂತೆ ಕಾಣಲಾಗದವಳ ಹಾಡು, ಅಮೆರಿಕದ ಕಂಟ್ರಿ ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿದ ‘ಐ ಫಾಲ್ ಟು ಪೀಸಸ್’ (1961). ನಿರ್ಮಾಪಕ ಓವೆನ್ ಬ್ರಾಡ್ಲಿ ನ್ಯಾಶ್‌ವಿಲ್‌ನಲ್ಲಿ ಮಾಡಿಸಿದ ಧ್ವನಿಮುದ್ರಣ ಈಗಲೂ ಬೆರಗು ಹುಟ್ಟಿಸುತ್ತದೆ. ಬೇಸ್ ವಾದ್ಯ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಹಿಂದೆ ಜಾರ್ಡನೇರ್ಸ್ ಗಾಯಕವೃಂದದವರು ಮೆಲ್ಲಗೆ ದನಿಗೂಡಿಸುತ್ತಾರೆ, ಪ್ಯಾಟ್ಸಿ ಮಾತ್ರ ಎಲ್ಲೂ ಅಳುವುದಿಲ್ಲ. ಅದಕ್ಕೇ ಕರುಳು ಹಿಂಡುತ್ತದೆ.

45 ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ರೆಕಾರ್ಡ್. ಅಮೆರಿಕದ 45ರ ನಡುವಿನ ತೂತು ಸುಮಾರು 38 ಮಿ.ಮೀ., ಪ್ಲೇಯರ್‌ನ ಸಣ್ಣ ಕಡ್ಡಿಗೆ ಕೂರಿಸಲು ತೂತಿನೊಳಗೆ ಇಡುವ ಬಿಲ್ಲೆ, ಅಂದರೆ ಅಡಾಪ್ಟರ್, ಬೇಕೇ ಬೇಕು. ಚಿಕ್ಕಮಗಳೂರಿನ ಮಳೆಗಾಲದಲ್ಲಿ ಕಾಗದದ ಕವರ್ ತೇವ ಹೀರಿ, ಗೆರೆಗಳಲ್ಲಿ ಬೂಷ್ಟು ಹಿಡಿದು ಚಟಪಟ ಸದ್ದು ಶುರುವಾಗುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಒಂದೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆಯ ದಿಕ್ಕಿಗೇ ಒರೆಸಿ, ಲೇಬಲ್ ನೆನೆಯಬಾರದು. ಬರೀ ನೀರಿನಿಂದ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗಿಸಿ, ಹೊಸ ಒಳಕವರ್‌ನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬೂಷ್ಟಷ್ಟೇ ಇದ್ದರೆ ಧೈರ್ಯವಾಗಿ ಕೊಳ್ಳಿ. ಉಗುರಿಗೆ ತಡೆಯುವಷ್ಟು ಗೀರಿದ್ದರೆ ಬೇಡವೇ ಬೇಡ.