16 ವರ್ಷ ಓಡಿಸಿದ ಹಳೇ ಟ್ರ್ಯಾಕ್ಟರ್: ಎಂಜಿನ್ ಬಡಿತ ಎರಡು ಸಲ ಬಂತು, ಕಾರಣ ಬೇರೆ ಬೇರೆ

1998ರ ಮಾಡೆಲ್, 35 ಎಚ್‌ಪಿ, ಮೂರು ಸಿಲಿಂಡರ್ ಡೀಸೆಲ್ ಎಂಜಿನ್. 2009ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಮದ್ದೂರಿನ ಹತ್ತಿರ ನಮ್ಮದು ನಾಲ್ಕು ಎಕರೆ, ಭತ್ತ ಮತ್ತು ಕಬ್ಬು. ನಮ್ಮ ಗದ್ದೆ ಜೊತೆಗೆ ಅಕ್ಕಪಕ್ಕದವರ ಉಳುಮೆ, ಸೀಸನ್‌ನಲ್ಲಿ ಕಬ್ಬಿನ ಲೋಡು, ಎಲ್ಲಾ ಇದರಲ್ಲೇ.

ಡೀಸೆಲ್ ಜಾಸ್ತಿ ಕುಡಿಯಲ್ಲ, ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಸ್ಟೀರಿಂಗ್ ಭಾರ, ಕೆಸರು ಗದ್ದೆಯಲ್ಲಿ ಸಂಜೆ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ. ಇಷ್ಟು ಯಾರು ಬೇಕಾದರೂ ಹೇಳುತ್ತಾರೆ. ನಾನು ಹೇಳಬೇಕಾದ್ದು ಎಂಜಿನ್ ಬಡಿತದ ವಿಷಯ.

ಮೊದಲ ಸಲ 2015ರಲ್ಲಿ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಸುತ್ತಿಗೆಯಲ್ಲಿ ಕಬ್ಬಿಣ ಹೊಡೆದ ಹಾಗೆ ಟಕ್ ಟಕ್ ಟಕ್. ಪಕ್ಕದ ಮನೆಯವರು ಎದ್ದು ಬಂದರು. ಸೈಲೆನ್ಸರ್‌ನಿಂದ ಕಪ್ಪು ಹೊಗೆ. ನೋಡಿದ ಮೂವರು ಮೆಕಾನಿಕ್‌ಗಳಲ್ಲಿ ಇಬ್ಬರು "ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು" ಅಂದರು. ಒಬ್ಬರು 45,000 ರೂಪಾಯಿ ಲೆಕ್ಕವನ್ನೂ ಕೊಟ್ಟರು. ನನಗೆ ಕೈಕಾಲು ಆಡಲಿಲ್ಲ. ಕಬ್ಬಿನ ದುಡ್ಡು ಇನ್ನೂ ಬಂದಿರಲಿಲ್ಲ.

ಮೂರನೆಯವರು ವಯಸ್ಸಾದ ಮೆಕಾನಿಕ್. "ಗೌಡ್ರೇ, ಈಗಲೇ ಬಿಚ್ಚಬೇಡಿ. ಯಾವ ಸಿಲಿಂಡರ್ ಅಂತ ಮೊದಲು ನೋಡೋಣ" ಅಂದರು. ಫ್ಯಾನ್ ಬೆಲ್ಟ್ ಕಳಚಿ ಒಂದು ನಿಮಿಷ ಓಡಿಸಿದರು. ವಾಟರ್ ಪಂಪ್ ಬೇರಿಂಗ್ ಹೋಗಿದ್ದರೂ ಸದ್ದು ಬರುತ್ತದಂತೆ. ಸದ್ದು ಹಾಗೇ ಇತ್ತು. ಆಮೇಲೆ ಉದ್ದನೆ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ ಬ್ಲಾಕಿಗೆ (ಸಿಲಿಂಡರ್ ಇರುವ ಕಬ್ಬಿಣದ ಮೈಗೆ) ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಇಟ್ಟು ಕೇಳಿದರು. ನನಗೂ ಕೇಳಿಸಿದರು. ಎರಡನೇ ಸಿಲಿಂಡರ್ ಹತ್ತಿರ ಹೊಡೆತ ಕಿವಿಯೊಳಗೇ ಬಿದ್ದ ಹಾಗಿತ್ತು.

ಆಮೇಲೆ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗಲೇ ನಾಝಲ್‌ಗೆ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಬರುವ ಡೀಸೆಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲ ಮಾಡಿದರು. ಸಡಿಲ ಮಾಡಿದ ಸಿಲಿಂಡರ್‌ಗೆ ಡೀಸೆಲ್ ಹೋಗಲ್ಲ, ಅದು ಸುಮ್ನೆ ತಿರುಗುತ್ತದೆ. ಒಂದನೆಯದು, ಟಕ್ ಟಕ್‌ನಲ್ಲಿ ಏನೂ ಬದಲಾವಣೆ ಇಲ್ಲ. ಎರಡನೆಯದು ಸಡಿಲವಾದ ತಕ್ಷಣ ಟಕ್ ಟಕ್ ನಿಂತಿತು. (ಇದನ್ನು ಮಾಡುವಾಗ ನಟ್ಟಿನ ಮೇಲೆ ದಪ್ಪ ಬಟ್ಟೆ ಇರಲಿ, ಬರಿಗೈ ಹತ್ತಿರ ಹೋಗಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಸಣ್ಣದು ಅಂತ ಬಿಡದೆ ಆಗಲೇ ಆಸ್ಪತ್ರೆಗೆ ಹೋಗಬೇಕು.)

ತುಂಬಾ ಜನ ತಪ್ಪು ಮಾಡುವುದು ಇಲ್ಲೇ. ನಟ್ ಸಡಿಲ ಮಾಡಿದಾಗ ಸದ್ದು ನಿಂತರೆ ಯಾವ ಸಿಲಿಂಡರ್ ಅಂತ ಮಾತ್ರ ಗೊತ್ತಾಗುತ್ತದೆ. ಕಾರಣ ಗೊತ್ತಾಗಲ್ಲ. ಬೇರಿಂಗ್ ಸವೆದಿದ್ದರೂ, ಪಿಸ್ಟನ್ ಮೇಲೆ ಹೊಡೆತ ಬೀಳದೆ ಸದ್ದು ಕಡಿಮೆಯಾಗುತ್ತದೆ ಅಲ್ವಾ? ಅದಕ್ಕೇ ಅವರು ಎರಡನೇ ನಾಝಲ್ ಬಿಚ್ಚಿ ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿದರು, ಹೊಸ ತಾಮ್ರದ ವಾಷರ್ ಸಮೇತ. ಸ್ಟಾರ್ಟ್ ಮಾಡಿದರೆ ಬಡಿತ ಮೂರಕ್ಕೆ ಹೋಗಿತ್ತು! ಆ ಕ್ಷಣದ ಸಮಾಧಾನ ಇನ್ನೂ ನೆನಪಿದೆ. ನಾಝಲ್ ಜೊತೆ ಸದ್ದೂ ಹೋದರೆ ದೋಷ ನಾಝಲ್‌ನಲ್ಲಿ. ಸದ್ದು ಅಲ್ಲೇ ಉಳಿದರೆ ದೋಷ ನಾಝಲ್‌ದಲ್ಲ, ಹೆಚ್ಚಾಗಿ ಎಂಜಿನ್ ಒಳಗೆ.

ನಾಝಲ್‌ಗಳನ್ನು ಟೆಸ್ಟರ್‌ಗೆ ಹಾಕಿ ನೋಡಿದಾಗ ಉಳಿದೆರಡು ಮಂಜಿನ ಹಾಗೆ ಚಿಮ್ಮುತ್ತಿದ್ದವು. ಇದು ಮಾತ್ರ ತುದಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕುತ್ತಿತ್ತು. ಹಾಗೆ ಬಿದ್ದ ಡೀಸೆಲ್ ಗಾಳಿ ಜೊತೆ ಸರಿಯಾಗಿ ಬೆರೆಯದೆ, ತಡವಾಗಿ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಆ ಹೊಡೆತವೇ ಟಕ್ ಟಕ್. ಮೂರೂ ನಾಝಲ್ ರಿಪೇರಿಗೆ, ಕೂಲಿ ಸೇರಿ 2,400 ರೂಪಾಯಿ ಆಯಿತು.

ಎರಡನೇ ಸಲ 2023ರಲ್ಲಿ. ಈ ಸಲದ ಸದ್ದೇ ಬೇರೆ. ಬೆಳಗ್ಗೆ ಏನೂ ಇಲ್ಲ. ಎಂಜಿನ್ ಕಾದ ಮೇಲೆ, ಲೋಡು ಎಳೆಯುವಾಗ ಒಳಗಿನಿಂದ ಧಬ್ ಧಬ್. ಆಯಿಲ್ ಪ್ರೆಷರ್ ಮುಳ್ಳು ಕೆಳಗೆ ಬೀಳುತ್ತಿತ್ತು. ನಾಝಲ್ ಅದಲು ಬದಲು ಮಾಡಿದೆ, ಸದ್ದು ಜಾಗ ಬಿಡಲಿಲ್ಲ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದರೆ ಆಯಿಲ್ ಗುರುತಿಗಿಂತ ಮೇಲಿತ್ತು. ಬೆರಳಲ್ಲಿ ಉಜ್ಜಿದರೆ ನೀರು ನೀರು, ಮೂಗಿಗೆ ಡೀಸೆಲ್ ವಾಸನೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪರದೆ) ಹರಿದು, ಡೀಸೆಲ್ ಕೆಳಗಿನ ಆಯಿಲ್ ಚೇಂಬರ್‌ಗೆ ಇಳಿದು ಆಯಿಲ್ ತೆಳುವಾಗಿತ್ತು, ಬೇರಿಂಗ್‌ಗೆ ಅದು ಸಾಲಲ್ಲ. ಎಷ್ಟೋ ವಾರದಿಂದ ಆಯಿಲ್ ಇಳಿದೇ ಇಲ್ಲ ಅಂತ ನಾನು ಖುಷಿಯಾಗಿದ್ದೆ. ಅದೇ ನನ್ನ ತಪ್ಪು. ಹಳೇ ಎಂಜಿನ್‌ನಲ್ಲಿ ಆಯಿಲ್ ಏರಿದರೆ ಅವತ್ತೇ ಗಾಡಿ ನಿಲ್ಲಿಸಬೇಕು.

ಚೇಂಬರ್ ಇಳಿಸಿದಾಗ ತಳದಲ್ಲಿ ಬೆಳ್ಳಿ ಪುಡಿಯಂಥ ಲೋಹ. ಒಂದನೇ ಕನೆಕ್ಟಿಂಗ್ ರಾಡಿನ (ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟ್‌ಗೆ ಸೇರಿಸುವ ಕಂಬಿ) ಬೇರಿಂಗ್ ಮೇಲ್ಪದರ ಸವೆದು ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ, ಉಜ್ಜಿ ಸಣ್ಣಗಾದ ಅದಕ್ಕೆ ಹೊಂದುವ 0.25 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಕೂರಿಸಿದೆವು. ಫೀಡ್ ಪಂಪ್, ಆಯಿಲ್, ಫಿಲ್ಟರ್ ಎಲ್ಲಾ ಸೇರಿ 31,000 ರೂಪಾಯಿ. ಎರಡು ವರ್ಷ ಆಯಿತು, ಬಡಿತ ಮತ್ತೆ ಬಂದಿಲ್ಲ. ಗಾಡಿ ಬಗ್ಗೆ ನನಗೆ ಬೇಜಾರಿಲ್ಲ, ಇವತ್ತಿಗೂ ಇಂಥದ್ದನ್ನೇ ತೆಗೆದುಕೊಳ್ಳುತ್ತೇನೆ.

ನೀವು ಹಳೇ ಟ್ರ್ಯಾಕ್ಟರ್ ನೋಡಲು ಹೋಗುವುದಾದರೆ ಬೆಳಗ್ಗೆಯೇ ಹೋಗಿ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ. ಹೋದ ಕೂಡಲೇ ಬ್ಲಾಕಿನ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗಿರಬೇಕು. ಡಿಪ್‌ಸ್ಟಿಕ್ ಎಳೆದು ಮೂಸಿ. ಸ್ಟಾರ್ಟ್ ಮಾಡಿಸಿ ಕೇಳಿ. ಆಮೇಲೆ ಒಂದು ಗಂಟೆ ಉಳುಮೆ ಮಾಡಿಸಿ, ಕಾದ ಮೇಲೂ ಒಂದು ಸಲ ಕೇಳಿ.