ಪಾಚಿ ಸ್ಕ್ರಬ್ಬರ್‌ಗೆ 660 ನ್ಯಾನೋಮೀಟರ್ ಕೆಂಪು ಎಲ್‌ಇಡಿ: ಎರಡು ವರ್ಷಗಳ ಬಳಕೆಯ ನಂತರ

ಪಾಚಿ ಸ್ಕ್ರಬ್ಬರ್ ಎಂದರೆ ಸಮುದ್ರ ಮೀನುಗಳ ತೊಟ್ಟಿಯ ನೀರನ್ನು ದೀಪದ ಬೆಳಕಿನಲ್ಲಿರುವ ಜಾಲರಿಯ ಮೇಲೆ ಹರಿಸಿ ಪಾಚಿ ಬೆಳೆಸುವ ಸಾಧನ. ಆ ಪಾಚಿ ನೀರಿನಲ್ಲಿರುವ ನೈಟ್ರೇಟ್‌ನಂಥ ಕಲ್ಮಶವನ್ನು ಹೀರಿಕೊಳ್ಳುತ್ತದೆ, ಆಗಾಗ ಅದನ್ನು ಕೆರೆದು ತೆಗೆಯಬೇಕು. ಇದಕ್ಕೆ ದೀಪ ಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಅಂಗಡಿಯವರು ಮೊದಲು ತೋರಿಸುವುದು ಲ್ಯೂಮೆನ್ ಹೆಚ್ಚಿರುವ ದೀಪವನ್ನೇ. ಲ್ಯೂಮೆನ್ ಎಂಬುದು ಬೆಳಕು ಮನುಷ್ಯರ ಕಣ್ಣಿಗೆ ಎಷ್ಟು ಪ್ರಖರವಾಗಿ ಕಾಣುತ್ತದೆ ಎಂಬುದರ ಅಳತೆ. ನಮ್ಮ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ. ಹಸಿರು ಪಾಚಿಯ ಪತ್ರಹರಿತ್ತಾದರೋ ನೀಲಿಯನ್ನೂ ಕಡುಗೆಂಪನ್ನೂ ಹೀರಿಕೊಂಡು ಹಸಿರನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಹೀಗಾಗಿ ಈ ಕೆಲಸಕ್ಕೆ ಲ್ಯೂಮೆನ್ ನೋಡಿ ದೀಪ ಕೊಳ್ಳುವುದರಲ್ಲಿ ಅರ್ಥವಿಲ್ಲ.

ನಾನು ಬಳಸುತ್ತಿರುವುದು 3 ವಾಟ್ ವರ್ಗದ ಬಿಡಿ ಎಲ್‌ಇಡಿಗಳು. ಜಾಲರಿಯ ಪ್ರತಿ ಬದಿಗೆ 660 ನ್ಯಾನೋಮೀಟರ್ ತರಂಗಾಂತರದ ಆರು ಕಡುಗೆಂಪು, 450 ನ್ಯಾನೋಮೀಟರ್‌ನ ಒಂದು ನೀಲಿ. ಇವೆಲ್ಲವೂ ಬಿಸಿಯನ್ನು ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಮೇಲೆ ಒಂದೇ ಸರಣಿಯಲ್ಲಿ, ಕರೆಂಟನ್ನು ಒಂದೇ ಮಟ್ಟದಲ್ಲಿಡುವ 500 ಮಿಲಿಆಂಪಿಯರ್‌ನ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್‌ಗೆ ಜೋಡಿಸಲ್ಪಟ್ಟಿವೆ. ತೊಟ್ಟಿ ಸುಮಾರು 200 ಲೀಟರ್‌ನದು. ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವುದರಿಂದ ನಮ್ಮಲ್ಲಿರುವುದು ಮೆದು ಹವಳಗಳು ಮತ್ತು ಕೆಲವು ಮೀನುಗಳು ಮಾತ್ರ. ಕಸೂತಿಗೆ ಬಳಸುವ ಪ್ಲಾಸ್ಟಿಕ್ ಜಾಲರಿಯನ್ನು ಗರಗಸದ ಅಲಗಿನಿಂದ ಕೆರೆದು ಒರಟಾಗಿಸಿ, 6 ಇಂಚು ಅಗಲ, 4 ಇಂಚು ಎತ್ತರಕ್ಕೆ ಕತ್ತರಿಸಿ ಸಂಪ್‌ನ (ತೊಟ್ಟಿಯ ಕೆಳಗಿನ ಕ್ಯಾಬಿನೆಟ್‌ನಲ್ಲಿರುವ ಸಣ್ಣ ತೊಟ್ಟಿಯ) ಮೇಲೆ ತೂಗುಹಾಕಿದ್ದೇನೆ. ದಿನಕ್ಕೆ ಹಾಕುವ ಒಂದು ಕ್ಯೂಬ್ ಫ್ರೋಜನ್ ಆಹಾರಕ್ಕೆ 12 ಚದರ ಇಂಚು ಜಾಲರಿ, ಅಗಲದ ಒಂದೊಂದು ಇಂಚಿಗೆ ಗಂಟೆಗೆ ಸುಮಾರು 130 ಲೀಟರ್ ನೀರು ಎಂಬುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಅದನ್ನೇ ಅನುಸರಿಸಿದ್ದೇನೆ.

ಇದಕ್ಕೂ ಮುನ್ನ ಅದೇ ಜಾಗದಲ್ಲಿ 23 ವಾಟ್‌ನ ಎರಡು ವಾರ್ಮ್ ವೈಟ್ ಸಿಎಫ್‌ಎಲ್‌ಗಳಿದ್ದವು. 2700 ಕೆಲ್ವಿನ್ ಬಲ್ಬಿನಲ್ಲಿ ಕೆಂಪಿನ ಅಂಶ ಸಾಕಷ್ಟಿರುವುದರಿಂದ ಪಾಚಿಗೇನೂ ಕೊರತೆಯಿರಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಬಲ್ಬಿನ ಶಕ್ತಿ ಕುಂದುತ್ತಿತ್ತು, ಕ್ಯಾಬಿನೆಟ್ ಬಿಸಿಯಾಗುತ್ತಿತ್ತು, ಮತ್ತು ಈಗ ಅಂಗಡಿಗಳಲ್ಲಿ ಸಿಎಫ್‌ಎಲ್ ಸಿಗುವುದೇ ಅಪರೂಪ. ದಿನಕ್ಕೆ 16 ಗಂಟೆ ಉರಿದರೆ ಆ ಜೋಡಿಗೆ ತಿಂಗಳಿಗೆ 22 ಯೂನಿಟ್ ಬೇಕಿತ್ತು. ಎಲ್‌ಇಡಿಗೆ ಡ್ರೈವರ್‌ನ ನಷ್ಟವೂ ಸೇರಿ 10 ಯೂನಿಟ್ ಸಾಕು. ಗೃಹಜ್ಯೋತಿಯ 200 ಯೂನಿಟ್‌ಗಳ ಅಂಚಿನಲ್ಲಿರುವ ಮನೆಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕೊಳ್ಳುವಾಗ ಮುಖ್ಯವಾಗಿ ಗಮನಿಸಬೇಕಾದ ವಿಷಯವೆಂದರೆ, 620–630 ನ್ಯಾನೋಮೀಟರ್‌ನ ಸಾಮಾನ್ಯ ಕೆಂಪನ್ನೇ 660 ಎಂದು ಕೊಟ್ಟುಬಿಡುವ ಸಾಧ್ಯತೆಯಿದೆ. ಎರಡನ್ನೂ ಒಂದೇ ಕರೆಂಟಿನಲ್ಲಿ ಅಕ್ಕಪಕ್ಕ ಉರಿಸಿ ನೋಡಬೇಕು. ಸಾಮಾನ್ಯ ಕೆಂಪು ಕೊಂಚ ಕಿತ್ತಳೆಯ ಛಾಯೆಯಲ್ಲಿ ಕಣ್ಣು ಕುಕ್ಕುತ್ತದೆ. ನಿಜವಾದ 660 ಗಾಢವಾಗಿಯೂ ಮಂಕಾಗಿಯೂ ಕಾಣುತ್ತದೆ, ಏಕೆಂದರೆ ಆ ತರಂಗಾಂತರದಲ್ಲಿ ನಮ್ಮ ಕಣ್ಣಿನ ಸಂವೇದನೆ ತೀರಾ ಕಡಿಮೆ. ಮಂಕಾಗಿದೆಯೆಂದು ಅದನ್ನು ಹಿಂದಿರುಗಿಸಬಾರದು.

ದೀಪ ಶಕ್ತಿಯುತವಾದಷ್ಟೂ ಒಳ್ಳೆಯದೆಂಬುದು ಇಲ್ಲಿ ನಡೆಯುವುದಿಲ್ಲ. ಹೊಸ ಜಾಲರಿಯಲ್ಲಿ ಪಾಚಿಯ ಪದರ ತೆಳುವಾಗಿರುವಾಗ ಪೂರ್ಣ ಬೆಳಕು ಕೊಟ್ಟರೆ ಹಸಿರಿನ ಬದಲು ರಬ್ಬರಿನಂಥ ಹಳದಿ ಪೊರೆ ಕಟ್ಟುತ್ತದೆ. ಬೆಳಕು ಸಾಲದಿದ್ದರೆ ಕಂದು ಅಥವಾ ಕಪ್ಪು ಲೋಳೆ ಬರುತ್ತದೆ. ಆರಂಭದಲ್ಲಿ ದಿನಕ್ಕೆ 9 ಗಂಟೆ ಉರಿಸಿ, ಹಸಿರು ಎಳೆಗಳು ನೆಲೆಯೂರಿದ ಮೇಲೆ ನಿಧಾನವಾಗಿ 16ಕ್ಕೆ ಏರಿಸಿದೆ. ಆಗಲೂ ನೀಲಿ ಎಲ್‌ಇಡಿಯ ನೇರಕ್ಕೆ, ಐದು ರೂಪಾಯಿ ನಾಣ್ಯದಷ್ಟು ಅಗಲದ ಒಂದು ತಾಣ ಮಾತ್ರ ಹಳದಿಯಾಗಿಯೇ ಉಳಿದಿತ್ತು. ಸುತ್ತಲೂ ಬೆರಳುದ್ದದ ಪಾಚಿ ಇಳಿಬಿದ್ದಿದ್ದರೂ ಅಲ್ಲಿ ಉಗುರಿನಿಂದ ಕೆರೆದರೆ ಜಾರುವ ಪೊರೆಯಷ್ಟೇ ಸಿಗುತ್ತಿತ್ತು. ದೀಪಕ್ಕೂ ಜಾಲರಿಗೂ ನಡುವೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಇಟ್ಟ ಮೇಲೆ ಅದು ತುಂಬಿಕೊಂಡಿತು. ನೀಲಿಯ ಪಾಲನ್ನು ಇದಕ್ಕಿಂತ ಹೆಚ್ಚಿಸುವ ಅಗತ್ಯ ನನಗಂತೂ ಕಂಡಿಲ್ಲ.

ಆ ಹಾಳೆ ನೀರಿನ ಸಿಡಿತವನ್ನೂ ತಡೆಯುತ್ತದೆ. ಉಪ್ಪು ಪ್ರತಿ ವಾರ ಅದರ ಮೇಲೆ ಬೆಳ್ಳಗೆ ಕಟ್ಟುತ್ತದೆ. ಜಾಲರಿ ಕೆರೆಯುವ ದಿನವೇ ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಬೆಳಕು ಗಣನೀಯವಾಗಿ ತಗ್ಗುತ್ತದೆ. ಹಾಳೆಯ ಅಂಚಿನಿಂದ ನುಸುಳಿದ ಉಪ್ಪು ತಂತಿಯ ಬೆಸುಗೆಗಳನ್ನು ಹಸಿರುಗಟ್ಟಿಸಿತ್ತಾದ್ದರಿಂದ ಅವುಗಳ ಮೇಲೆ ಈಗ ಸಿಲಿಕೋನ್ ಲೇಪನವಿದೆ. ಕೆಂಪು ಎಲ್‌ಇಡಿಯ ಬೆಳಕು ಬಿಸಿಗೆ ನೀಲಿಗಿಂತ ಬೇಗ ತಗ್ಗುವುದರಿಂದ ಏಪ್ರಿಲ್–ಮೇ ತಿಂಗಳಲ್ಲಿ ಹೀಟ್‌ಸಿಂಕ್ ಮೇಲೆ ಒಂದು ಸಣ್ಣ ಫ್ಯಾನ್ ಓಡಿಸುತ್ತೇನೆ.

ಎಲ್‌ಇಡಿಗಳ ಪೈಕಿ ಒಂದೂ ಕೆಟ್ಟಿಲ್ಲ, ಕೆಟ್ಟದ್ದು ಡ್ರೈವರ್. ಹೆಸರಿಲ್ಲದ ಅಗ್ಗದ ಡ್ರೈವರ್ ಮೊದಲ ಮಳೆಗಾಲದಲ್ಲೇ ಮಿನುಗತೊಡಗಿ ನಿಂತುಹೋಯಿತು. ಈಗಿರುವುದು ಜಲನಿರೋಧಕ ಕವಚದ್ದು, ಬೆಲೆ ದುಪ್ಪಟ್ಟು, ತಕರಾರಿಲ್ಲ. ಉಪ್ಪುನೀರಿನ ಪಕ್ಕದಲ್ಲಿ 230 ವೋಲ್ಟ್ ಇರುವಲ್ಲಿ ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದು.

ಬೆಂಗಳೂರಿನ ಕರೆಂಟಿನ ಬಗೆಗೂ ಒಂದು ಮಾತಿದೆ. ಯುಪಿಎಸ್‌ಗೆ ದೀಪವನ್ನಷ್ಟೇ ಕೊಟ್ಟು ಪಂಪನ್ನು ಮರೆತರೆ, ಕರೆಂಟ್ ಹೋದಾಗ ನೀರು ನಿಂತ ಜಾಲರಿಯ ಮೇಲೆ ಬೆಳಕು ಬೀಳುತ್ತಲೇ ಇದ್ದು ಪಾಚಿ ಒಣಗಿಹೋಗುತ್ತದೆ. ಎರಡನ್ನೂ ಒಂದೇ ಪ್ಲಗ್‌ಗೆ ಸೇರಿಸುವುದು ಕ್ಷೇಮ. ದೀಪಕ್ಕೆ ಮಾತ್ರ ಟೈಮರ್ ಹಾಕಿ ಹೆಚ್ಚಿನ ಗಂಟೆಗಳನ್ನು ರಾತ್ರಿಗೆ ಕೊಟ್ಟಿದ್ದೇನೆ. ತೊಟ್ಟಿಯ ದೀಪ ಆರಿದ ಮೇಲೂ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಬೆಳಗಿನ ಪಿಎಚ್ ಮೊದಲಿನಷ್ಟು ಕುಸಿಯುವುದಿಲ್ಲ. ಕ್ಯಾಬಿನೆಟ್ ಬಾಗಿಲ ಸಂದಿಯಿಂದ ಹಾಲ್‌ಗೆ ಗುಲಾಬಿ ಬೆಳಕು ಸೋರುವುದಕ್ಕೆ ಮನೆಯವರ ಆಕ್ಷೇಪವಿದ್ದು, ಅದಕ್ಕೆ ರಬ್ಬರ್ ಪಟ್ಟಿ ಅಂಟಿಸಬೇಕಾಯಿತು.

ಫಲಿತಾಂಶದಲ್ಲಿ ಸಿಎಫ್‌ಎಲ್‌ಗಿಂತ ನೈಟ್ರೇಟ್ ಇನ್ನೂ ಕೆಳಗಿಳಿದಿದೆ. ಮೆದು ಹವಳಗಳಿಗೆ ತೀರಾ ಶೂನ್ಯವಾಗುವುದೂ ಹಿತವಲ್ಲವಾದ್ದರಿಂದ ಕಳೆದ ಬೇಸಿಗೆಯಿಂದ 16 ಗಂಟೆಯನ್ನು 14ಕ್ಕೆ ಇಳಿಸಿದ್ದೇನೆ.